ಗಡಿನಾಡಿನ ಗಾಳಿ, ಬಿಸಿಲು ಮತ್ತು ಜನ: ಇಂಧನ ನೀತಿಯಲ್ಲಿ ಸಮಾಜ ಕಾರ್ಯಕರ್ತರ ಪಾಲು



ರಾಯದುರ್ಗ, ಮಡಕಶಿರಾಗಳ ಹೆಸರು ಬಂದರೆ ಕನ್ನಡ ಸಂಘಗಳಲ್ಲಿ ಮಾತು ಸಾಮಾನ್ಯವಾಗಿ ಕನ್ನಡ ಶಾಲೆ, ಪಠ್ಯಪುಸ್ತಕ, ಶಿಕ್ಷಕರ ನೇಮಕದ ಸುತ್ತ ಸುತ್ತುತ್ತದೆ. ಅದು ಸರಿಯೇ. ಆದರೆ ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಈ ಸೀಮೆಯ ನೆಲದ ಮೇಲೆ ಇನ್ನೊಂದು ದೊಡ್ಡ ಬದಲಾವಣೆ ನಡೆದಿದೆ. ರಾಯದುರ್ಗ, ಬೆಳುಗುಪ್ಪ, ಉರವಕೊಂಡ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ಮಡಕಶಿರಾಕ್ಕೆ ಹೊಂದಿಕೊಂಡಿರುವ ಪಾವಗಡದ ಬಯಲಿನಲ್ಲಿ ಸಾವಿರಾರು ಎಕರೆ ಸೌರ ಫಲಕಗಳು ಹಾಸಿವೆ. ಈ ವಿದ್ಯುತ್ತಿನ ನೀತಿಯನ್ನು ಬರೆಯುವವರು ಯಾರು, ಅದರಲ್ಲಿ ಈ ಊರುಗಳ ಜನರ ಮಾತಿಗೆ ಜಾಗವೆಲ್ಲಿದೆ, ಆ ಜಾಗವನ್ನು ಮಾಡಿಕೊಡುವಲ್ಲಿ ಸಮಾಜ ಕಾರ್ಯಕರ್ತರು ಏನು ಮಾಡಿದ್ದಾರೆ, ಏನು ಮಾಡಬಹುದು ಎಂಬುದು ಈ ಲೇಖನದ ವಿಷಯ.

ಎರಡು ತಾಲ್ಲೂಕುಗಳ ಹಿನ್ನೆಲೆ

ರಾಯದುರ್ಗ ಮೊದಲು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಉಳಿದವು, ಬಳ್ಳಾರಿಯ ಹೆಚ್ಚಿನ ಭಾಗ ಮೈಸೂರಿಗೆ ಸೇರಿತು. ಮಡಕಶಿರಾ ಮೂರು ಕಡೆ ಕರ್ನಾಟಕದಿಂದ ಸುತ್ತುವರಿದ ನೆಲ. ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಮಂಡಲಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಈಗಿನ ಹೇಮಾವತಿ, ಇಲ್ಲೇ ಇದೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದಾಗ ರಾಯದುರ್ಗ ಅನಂತಪುರದಲ್ಲೇ ಉಳಿಯಿತು, ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು.

ಎರಡೂ ಕಡೆ ಮಳೆ ಕಡಿಮೆ. ಅನಂತಪುರ ಸೀಮೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ರಾಯದುರ್ಗದವರು ಶೇಂಗಾ ಎನ್ನುವ, ಮಡಕಶಿರಾದವರು ಕಡ್ಲೆಕಾಯಿ ಎನ್ನುವ ಬೆಳೆಯೇ ಇಲ್ಲಿಯ ಮಳೆಯಾಶ್ರಿತ ರೈತನ ಆಧಾರ. ಅದು ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುವುದು ವಾಡಿಕೆ. ಬೊಮ್ಮನಹಾಳ್, ಕಣೇಕಲ್ಲು ಕಡೆ ವೇದಾವತಿ ಹಗರಿಯ ಮರಳು ಗಾಳಿಗೆ ಹಾರಿ ಹೊಲಗಳ ಮೇಲೆ ಕೂರುವುದನ್ನು ನೋಡಿದವರಿಗೆ ಹವಾಮಾನ ಬದಲಾವಣೆಯ ಬಗ್ಗೆ ಬೇರೆ ಪಾಠ ಬೇಕಿಲ್ಲ. ಆದ್ದರಿಂದ ಒಂದು ಮಾತನ್ನು ಮೊದಲೇ ಹೇಳಬೇಕು. ಸ್ವಚ್ಛ ಇಂಧನ ಬೇಡ ಎಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಕಲ್ಲಿದ್ದಲಿನ ಹೊಗೆಯಿಂದ ಹೆಚ್ಚು ಪೆಟ್ಟು ತಿನ್ನುವುದು ಇಂಥ ಬರಪೀಡಿತ ಸೀಮೆಯೇ. 2030ರೊಳಗೆ 500 ಗಿಗಾವ್ಯಾಟ್ ಪಳೆಯುಳಿಕೆಯೇತರ ವಿದ್ಯುತ್ ಸಾಮರ್ಥ್ಯ ಎಂದು ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆ. ಗಾಳಿ ಮತ್ತು ಬಿಸಿಲು ಎರಡೂ ಹೇರಳವಾಗಿರುವ ಇಂಥ ನೆಲದ ಮೇಲೆ ಆ ಮಾತಿನ ಭಾರದಲ್ಲಿ ಒಂದು ಪಾಲು ಬಿದ್ದೇ ಬೀಳುತ್ತದೆ. ಭಾರ ಹೊರುವವರಿಗೆ ಸಿಗುವುದೇನು ಎಂಬುದಷ್ಟೇ ಪ್ರಶ್ನೆ.

ಪಾವಗಡದ ಗುತ್ತಿಗೆ: ಲೆಕ್ಕ ಹಾಕಿ ನೋಡೋಣ

ಮೂರು ಕಡೆ ಆಂಧ್ರದಿಂದ ಸುತ್ತುವರಿದ ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳಲ್ಲಿ 'ಶಕ್ತಿ ಸ್ಥಳ' ಸೌರ ಪಾರ್ಕ್ ಇದೆ. ವಿಸ್ತೀರ್ಣ ಸುಮಾರು 13,000 ಎಕರೆ, ಸಾಮರ್ಥ್ಯ 2,050 ಮೆಗಾವ್ಯಾಟ್. ಮೊದಲ ಹಂತ 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ಣಗೊಂಡಿತು. ಇಲ್ಲಿ ಸರ್ಕಾರ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ. ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಮಾಲೀಕತ್ವ ರೈತನ ಹೆಸರಿನಲ್ಲೇ ಉಳಿಯುತ್ತದೆ. ಭೂಮಿ ಕಳೆದುಕೊಂಡು ಪರಿಹಾರಕ್ಕಾಗಿ ಕೋರ್ಟು ಅಲೆಯುವ ಸ್ಥಿತಿಗೆ ಹೋಲಿಸಿದರೆ ಇದು ನಿಜಕ್ಕೂ ಉತ್ತಮ ಕ್ರಮ. ಮಳೆ ಬಾರದ ವರ್ಷವೂ ಬ್ಯಾಂಕ್ ಖಾತೆಗೆ ಹಣ ಬರುತ್ತದೆ ಎಂಬುದು ಐದು ಎಕರೆ ಒಣಭೂಮಿಯವನಿಗೆ ಸಣ್ಣ ಮಾತಲ್ಲ.

ಆದರೂ ಪೆನ್ಸಿಲ್ ಹಿಡಿದು ಲೆಕ್ಕ ಹಾಕೋಣ. ಎರಡು ವರ್ಷಕ್ಕೊಮ್ಮೆ ಶೇ 5 ಎಂದರೆ ವರ್ಷಕ್ಕೆ ಶೇ 2.5ಕ್ಕಿಂತ ಸ್ವಲ್ಪ ಕಡಿಮೆ. ಹತ್ತು ವರ್ಷದ ನಂತರ ಬಾಡಿಗೆ ಸುಮಾರು 26,800 ರೂಪಾಯಿ ಆಗುತ್ತದೆ. ಗುತ್ತಿಗೆಯ ಕೊನೆಯ ಎರಡು ವರ್ಷ ಸುಮಾರು 39,600. ಇಷ್ಟರಲ್ಲಿ ಬೆಲೆಗಳು ವರ್ಷಕ್ಕೆ ಸರಾಸರಿ ಶೇ 5ರಂತೆ ಏರಿದರೆ ಆ 39,600 ರೂಪಾಯಿಗೆ ಗುತ್ತಿಗೆ ಶುರುವಾದ ವರ್ಷದ ಸುಮಾರು 11,000 ರೂಪಾಯಿಯ ಸಾಮಾನು ಮಾತ್ರ ಬರುತ್ತದೆ. ಅಂದರೆ ಕಾಗದದ ಮೇಲೆ ಏರುವ ಬಾಡಿಗೆ ಸಂತೆಯಲ್ಲಿ ಅರ್ಧಕ್ಕೆ ಇಳಿದಿರುತ್ತದೆ.

ಇನ್ನೊಂದು ಲೆಕ್ಕ. 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಎಂದರೆ ಮೆಗಾವ್ಯಾಟಿಗೆ ಆರು ಎಕರೆ ಚಿಲ್ಲರೆ. ಈ ಸೀಮೆಯ ಬಿಸಿಲಿಗೆ ಒಂದು ಮೆಗಾವ್ಯಾಟ್ ವರ್ಷಕ್ಕೆ ಅಂದಾಜು 17 ಲಕ್ಷ ಯೂನಿಟ್ ಕೊಡುತ್ತದೆ. ಯೂನಿಟ್ಟಿಗೆ 3 ರೂಪಾಯಿ ಹಿಡಿದರೂ ಎಕರೆಯಿಂದ ವರ್ಷಕ್ಕೆ ಎಂಟು ಲಕ್ಷ ರೂಪಾಯಿಯ ವಿದ್ಯುತ್. ರೈತನ ಬಾಡಿಗೆ ಅದರಲ್ಲಿ ನೂರಕ್ಕೆ ಎರಡೂವರೆಯಷ್ಟು. ಕಂಪನಿಗೆ ಬಂಡವಾಳ, ಸಾಲದ ಬಡ್ಡಿ, ನಿರ್ವಹಣೆಯ ಖರ್ಚು ಇವೆ, ಎಂಟು ಲಕ್ಷವೂ ಲಾಭವಲ್ಲ. ಆದರೆ ಬಾಡಿಗೆಯನ್ನು ಹಣದುಬ್ಬರಕ್ಕೆ ಜೋಡಿಸಿದ್ದರೆ ಯೋಜನೆ ಮುಳುಗುತ್ತಿರಲಿಲ್ಲ ಎಂದು ಹೇಳಲು ಈ ಲೆಕ್ಕ ಸಾಕು. ಗುತ್ತಿಗೆ ಬರೆಯುವ ಮೊದಲು ಇಂಥ ಲೆಕ್ಕವನ್ನು ಹಳ್ಳಿಯ ಕಟ್ಟೆಯ ಮೇಲೆ ಕೂತು ಹೇಳುವ ಒಬ್ಬರು ಬೇಕು. ಆ ಕೆಲಸ ಕಂಪನಿಯದಲ್ಲ, ಅಧಿಕಾರಿಯದೂ ಅಲ್ಲ. ಸಮಾಜ ಕಾರ್ಯಕರ್ತನ ಮೊದಲ ಕೆಲಸ ಅದು.

ಗುತ್ತಿಗೆಯಲ್ಲಿ ಕಾಣೆಯಾಗುವವರು

ಲೆಕ್ಕಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. 2013ರ ಭೂಸ್ವಾಧೀನ ಕಾಯ್ದೆ 'ಬಾಧಿತ ಕುಟುಂಬ' ಎಂಬ ಪದವನ್ನು ವಿಶಾಲವಾಗಿ ವಿವರಿಸಿದೆ. ಭೂಮಾಲೀಕ ಮಾತ್ರವಲ್ಲ, ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಆ ಜಮೀನನ್ನೇ ಮುಖ್ಯವಾಗಿ ನಂಬಿ ಬದುಕಿದ ಕೃಷಿ ಕೂಲಿಕಾರ, ಗೇಣಿದಾರ, ಕೋರು ಮಾಡುವವನೂ ಅದರಲ್ಲಿ ಸೇರುತ್ತಾರೆ. ಸ್ವಾಧೀನಕ್ಕೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು. ಆ ವರದಿಯನ್ನು ಸ್ಥಳೀಯ ಭಾಷೆಯಲ್ಲಿ ಪಂಚಾಯಿತಿಗೆ ಕೊಡಬೇಕು. ಅದನ್ನು ಪರಿಶೀಲಿಸುವ ತಜ್ಞರ ಸಮಿತಿಯಲ್ಲಿ ಇಬ್ಬರು ಸರ್ಕಾರೇತರ ಸಮಾಜ ವಿಜ್ಞಾನಿಗಳು, ಪಂಚಾಯಿತಿ ಅಥವಾ ಗ್ರಾಮಸಭೆಯ ಇಬ್ಬರು ಪ್ರತಿನಿಧಿಗಳು, ಪುನರ್ವಸತಿಯ ಇಬ್ಬರು ತಜ್ಞರು ಇರಬೇಕು.

ಇದೆಲ್ಲ ಸ್ವಾಧೀನ ನಡೆದರೆ ಮಾತ್ರ. ಗುತ್ತಿಗೆಯಾದರೆ ಅದು ಎರಡು ಪಕ್ಷಗಳ ನಡುವಿನ ಕರಾರು. ಆಗ ಅಧ್ಯಯನದ ಕಡ್ಡಾಯವಿಲ್ಲ, ಕೂಲಿಕಾರನ ಹೆಸರು ಎಲ್ಲಿಯೂ ಬರುವುದಿಲ್ಲ. ಸೌರ ಮತ್ತು ಪವನ ಘಟಕಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯೂ ಅನ್ವಯಿಸುವುದಿಲ್ಲ, ಆದ್ದರಿಂದ ಆ ದಾರಿಯ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಆಂಧ್ರಪ್ರದೇಶ 2018ರಲ್ಲಿ ಭೂಸ್ವಾಧೀನ ಕಾಯ್ದೆಗೆ ತಂದ ತಿದ್ದುಪಡಿ ಕೆಲವು ಬಗೆಯ ಯೋಜನೆಗಳನ್ನು ಸಾಮಾಜಿಕ ಅಧ್ಯಯನದಿಂದ ಹೊರಗಿಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಹೀಗೆ ಭೂಮಾಲೀಕನಿಗೆ ಒಳ್ಳೆಯದೆನಿಸುವ ಗುತ್ತಿಗೆಯೇ ಭೂಮಿ ಇಲ್ಲದವನಿಗೆ ಕಾನೂನಿನ ಬಾಗಿಲನ್ನು ಮುಚ್ಚುತ್ತದೆ. ಕಡ್ಲೆಕಾಯಿ ಕೀಳುವ, ಬಿಡಿಸುವ ಕೂಲಿಯಿಂದ ಮನೆ ನಡೆಸುತ್ತಿದ್ದ ಹೆಣ್ಣುಮಕ್ಕಳಿಗೆ, ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಪರಿಹಾರವೂ ಇಲ್ಲ. ಬೇಲಿಯ ಒಳಗೆ ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸಗಳು ಇವೆ. ಸಾವಿರಾರು ಎಕರೆ ಬೇಸಾಯ ಕೊಡುತ್ತಿದ್ದ ಕೂಲಿಯ ದಿನಗಳಿಗೆ ಅವು ಸಮವಾಗಲಾರವು.

ರಾಯಲಸೀಮೆಯಲ್ಲಿ ಇನ್ನೂ ಒಂದು ತೊಡಕಿದೆ. ಬಡವರಿಗೆ ಸರ್ಕಾರ ಹಂಚಿದ ಜಮೀನು, ಅಂದರೆ ಡಿ.ಕೆ.ಟಿ. ಪಟ್ಟಾ ಭೂಮಿ, ಇಲ್ಲಿ ಬಹಳ. 1977ರ ಕಾಯ್ದೆ ಅದರ ಮಾರಾಟವನ್ನು ನಿಷೇಧಿಸಿತು. ಪಟ್ಟಾ ಇಲ್ಲದೆಯೇ ತಲೆಮಾರುಗಳಿಂದ ಉಳುತ್ತಿರುವವರೂ ಇದ್ದಾರೆ. ಕದಿರಿ ಸಮೀಪದ ನಂಬುಲಪೂಲಕುಂಟದಲ್ಲಿ ದೊಡ್ಡ ಸೌರ ಪಾರ್ಕ್ ಬಂದಾಗ ಜಗಳ ಎದ್ದದ್ದು ಇದೇ ಕಾರಣಕ್ಕೆ. ದಾಖಲೆ ಇದ್ದವನಿಗೆ ಒಂದು ದರ, ದಾಖಲೆ ಇಲ್ಲದೆ ಉತ್ತವನಿಗೆ ಇನ್ನೊಂದು, ಕೆಲವರಿಗೆ ಏನೂ ಇಲ್ಲ ಎಂಬ ದೂರು ಅಲ್ಲಿ ಕೇಳಿಬಂತು. ಪಾವಗಡದಲ್ಲಿ ಗುತ್ತಿಗೆ, ಕದಿರಿಯಲ್ಲಿ ಪರಿಹಾರ. ಗಡಿಯ ಈಚೆ ಆಚೆ ಒಂದೇ ಬಗೆಯ ನೆಲಕ್ಕೆ ಎರಡು ನೀತಿ. ಎರಡೂ ಕಡೆ ನೆಂಟಸ್ತನ, ಕೆಲವೊಮ್ಮೆ ಜಮೀನೂ ಇರುವ ಗಡಿನಾಡ ಕನ್ನಡಿಗರಿಗೆ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಇದನ್ನು ಬರಹಕ್ಕಿಳಿಸಿ ಅಧಿಕಾರಿಗಳ ಮುಂದಿಡುವುದು ಅವರಿಂದ ಆಗಬಹುದಾದ ಸೇವೆ.

ಕಲ್ಪವಲ್ಲಿ ಕಲಿಸಿದ್ದು

ಮಡಕಶಿರಾದ ಪಕ್ಕದ ರೊದ್ದಂ, ಅದರಾಚೆಯ ರಾಮಗಿರಿ, ಚೆನ್ನೇಕೊತ್ತಪಲ್ಲಿ ಮಂಡಲಗಳ ಗುಡ್ಡಗಳಲ್ಲಿ ಕಲ್ಪವಲ್ಲಿ ಎಂಬ ಸಮುದಾಯ ಅರಣ್ಯವಿದೆ. 1990ರಲ್ಲಿ ಆರಂಭವಾದ ಟಿಂಬಕ್ಟು ಕಲೆಕ್ಟಿವ್ ಸಂಸ್ಥೆಯ ಕಾರ್ಯಕರ್ತರು ಸುತ್ತಲಿನ ಹಳ್ಳಿಗರ ಜೊತೆ ಸೇರಿ ಬೋಳಾಗಿದ್ದ ಏಳು ಸಾವಿರ ಎಕರೆಗೂ ಮಿಕ್ಕಿದ ನೆಲವನ್ನು ಕಾಯತೊಡಗಿದರು. ಬೆಂಕಿ ಬೀಳದಂತೆ ನೋಡಿಕೊಂಡರು, ಕಾವಲಿಟ್ಟರು, ಬೀಜ ಬಿತ್ತಿದರು. ಹುಲ್ಲು ಬಂತು, ಈಚಲು ಬಂತು, ಕುರಿಗಳಿಗೆ ಮೇವು ಸಿಕ್ಕಿತು, ಕೆಳಗಿನ ಕೆರೆಗಳಿಗೆ ನೀರು ಇಳಿಯಿತು. ಆದರೆ ಕಂದಾಯ ಇಲಾಖೆಯ ಪುಸ್ತಕದಲ್ಲಿ ಆ ನೆಲ 'ಪಾಳುಭೂಮಿ' ಆಗಿಯೇ ಉಳಿದಿತ್ತು.

ಗಾಳಿಯಂತ್ರಗಳು ಬಂದದ್ದು ಆ ಪುಸ್ತಕವನ್ನು ನಂಬಿ. ಯಂತ್ರಗಳನ್ನು ಸಾಗಿಸಲು ಗುಡ್ಡದ ಇಳಿಜಾರುಗಳಲ್ಲಿ ಅಗಲವಾದ ರಸ್ತೆಗಳನ್ನು ಕಡಿದರು. ಮಣ್ಣು ಜಾರಿತು, ನೀರಿನ ಹಾದಿಗಳು ಮುಚ್ಚಿದವು, ಹುಲ್ಲುಗಾವಲು ತುಂಡಾಯಿತು. ಕೈಬೆರಳೆಣಿಕೆಯ ಎಕರೆಯಲ್ಲಿ ನಿಲ್ಲುವ ಯಂತ್ರಕ್ಕೆ ಇಷ್ಟು ಹಾನಿ ಏಕೆ ಎಂದರೆ ಉತ್ತರ ರಸ್ತೆಯಲ್ಲಿದೆ. ಸಂಸ್ಥೆಯವರು ಮತ್ತು ಹಳ್ಳಿಗರು ಹಾನಿಯನ್ನು ಅಳೆದರು, ಛಾಯಾಚಿತ್ರ ತೆಗೆದರು, ಪರಿಸರ ಸಂಘಟನೆಗಳ ಗಮನಕ್ಕೆ ತಂದರು. 2013ರಲ್ಲಿ ವಿಷಯ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪವನ ವಿದ್ಯುತ್ತಿಗೂ ಹಸಿರು ನಿಯಮಗಳು ಬೇಕೆಂದು ವಾದ ಮಂಡಿಸಿತು. ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯ 2016ರಲ್ಲಿ ಭೂಮಿಯ ಮೇಲಿನ ಪವನ ಯೋಜನೆಗಳಿಗೆ ಮಾರ್ಗಸೂಚಿ ಹೊರಡಿಸಿ, ಶಬ್ದದ ತೊಂದರೆ ತಪ್ಪಿಸಲು ಮನೆಗಳಿಂದ ಕನಿಷ್ಠ 500 ಮೀಟರ್ ದೂರ ಇರಬೇಕು ಎಂದಿತು. ಇದೊಂದೇ ಹೋರಾಟದಿಂದ ಆ ಮಾರ್ಗಸೂಚಿ ಬಂತು ಎನ್ನಲಾಗದು. ಗಾಳಿ ವಿದ್ಯುತ್ ಎಂದರೆ ತಾನಾಗಿಯೇ ನಿರಪಾಯ ಎಂಬ ನಂಬಿಕೆಯನ್ನು ಪ್ರಶ್ನಿಸಿದ ಮೊದಲ ಗಟ್ಟಿ ಪುರಾವೆಗಳಲ್ಲಿ ಕೆಲವು ಈ ಗುಡ್ಡಗಳಿಂದ ಹೋದವು ಎನ್ನಬಹುದು.

'ಪಾಳು' ಎಂಬ ಒಂದೇ ಪದ ಎಷ್ಟೆಲ್ಲ ಮಾಡಬಲ್ಲದು ಎಂಬುದು ಕಲ್ಪವಲ್ಲಿಯ ಪಾಠ. ಮಡಕಶಿರಾ, ರಾಯದುರ್ಗಗಳ ಗೋಮಾಳ, ಕಾವಲು, ಗುಡ್ಡದ ತಪ್ಪಲುಗಳೂ ಪುಸ್ತಕದಲ್ಲಿ ಹೆಚ್ಚಾಗಿ ಅದೇ ಹೆಸರಿನಲ್ಲಿವೆ. ಯಾರು ಎಲ್ಲಿ ಮೇಯಿಸುತ್ತಾರೆ, ಯಾವ ಹಳ್ಳದ ನೀರು ಯಾವ ಕೆರೆಗೆ ಬರುತ್ತದೆ, ಎಲ್ಲಿ ಸೌದೆ, ಎಲ್ಲಿ ಸೀತಾಫಲ ಎಂಬ ನಕ್ಷೆಯನ್ನು ಯೋಜನೆ ಬರುವ ಮೊದಲೇ ಮಾಡಿಟ್ಟುಕೊಂಡ ಊರು ಮಾತಾಡುವಾಗ ಕೈಯಲ್ಲಿ ಕಾಗದ ಇರುತ್ತದೆ.

ಒಲೆಯಿಂದ ಆರಂಭಿಸಿದವರು

ಇಲ್ಲಿಯವರೆಗೆ ಹೊರಗಿನಿಂದ ಬಂದ ಯೋಜನೆಗೆ ಪ್ರತಿಕ್ರಿಯೆಯ ಮಾತಾಯಿತು. ಸ್ವಚ್ಛ ಇಂಧನವನ್ನು ತಾವೇ ಕಟ್ಟಿದ ಸಮಾಜ ಕಾರ್ಯಕರ್ತರೂ ಈ ಸೀಮೆಯಲ್ಲಿದ್ದಾರೆ. ಹಿಂದೂಪುರದಿಂದ ಹೆಚ್ಚು ದೂರವಿಲ್ಲದ ಬಾಗೇಪಲ್ಲಿಯಲ್ಲಿ 1977ರಿಂದ ಕೆಲಸ ಮಾಡುತ್ತಿರುವ ಅಡ್ಯಾಟ್ಸ್ ಸಂಸ್ಥೆ ಮತ್ತು ಅದರ ಜೊತೆ ಬೆಳೆದ ಕೂಲಿ ಸಂಘ ಮನೆಮನೆಗೆ ಸಗಣಿ ಅನಿಲದ ಘಟಕ ಕಟ್ಟುವ ಯೋಜನೆ ಹಾಕಿಕೊಂಡವು. 5,500 ಘಟಕಗಳ ಆ ಯೋಜನೆ 2005ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಣಿಯಾಯಿತು. ಕ್ಯೋಟೋ ಒಪ್ಪಂದದ ಆ ವ್ಯವಸ್ಥೆಯಲ್ಲಿ ದೊಡ್ಡ ಕಾರ್ಖಾನೆ, ಅಣೆಕಟ್ಟು, ಗಾಳಿಯಂತ್ರಗಳೇ ಮುಂದೆ ನಿಂತಿದ್ದ ಕಾಲದಲ್ಲಿ ಸೌದೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದ ಕೂಲಿ ಹೆಂಗಸಿನ ಅಡುಗೆಮನೆಯೂ ಲೆಕ್ಕಕ್ಕೆ ಬಂತು. ಇಂಗಾಲದ ಮಾರುಕಟ್ಟೆಯ ಹಣ ಹಳ್ಳಿಯ ಒಲೆಗೆ ಬರಬಹುದು ಎಂದು ತೋರಿಸಿದ್ದೂ ಒಂದು ಬಗೆಯ ನೀತಿ ನಿರೂಪಣೆಯೇ. ಕೋಲಾರದ ಎಸ್.ಕೆ.ಜಿ. ಸಂಘ ಇದೇ ಬಗೆಯ ಕೆಲಸಕ್ಕೆ 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿ ಇನ್ನೊಂದು ಉದಾಹರಣೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಕೇಂದ್ರ ಅಲ್ಲಿ ಸಮುದಾಯ ಸಗಣಿ ಅನಿಲ ಸ್ಥಾವರ ಕಟ್ಟಿತು. ಅನಿಲದಿಂದ ಮೊದಲು ಅಡುಗೆ ಎಂದು ವಿಜ್ಞಾನಿಗಳು ಯೋಚಿಸಿದ್ದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. ಅದೇ ಅನಿಲದಿಂದ ಎಂಜಿನ್ ಓಡಿಸಿ ನೀರೆತ್ತುವ, ದೀಪ ಹಚ್ಚುವ ವ್ಯವಸ್ಥೆ ಮಾಡಿದ ಮೇಲೆಯೇ ಯೋಜನೆ ಊರಿನದಾಯಿತು. ಸೌರ ದೀಪವನ್ನು ಬಡವರ ಕೈಗೆಟುಕುವಂತೆ ಮಾಡಿದ ಹರೀಶ್ ಹಂದೆಯವರ ಸೆಲ್ಕೊ ಸಂಸ್ಥೆ 1995ರಿಂದ ನಡೆದದ್ದೂ ಇದೇ ಹಾದಿಯಲ್ಲಿ. ತಳ್ಳುಗಾಡಿಯವನ ದಿನದ ಆದಾಯಕ್ಕೆ ಹೊಂದುವ ಕಂತಿನ ಸಾಲವನ್ನು ಗ್ರಾಮೀಣ ಬ್ಯಾಂಕುಗಳಿಂದ ಕೊಡಿಸುವುದು ಆ ಕೆಲಸದ ಅರ್ಧ ಭಾಗ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವರ್ಯಾರೂ ಮೊದಲು ನೀತಿ ಬರೆದು ಆಮೇಲೆ ಹಳ್ಳಿಗೆ ಹೋದವರಲ್ಲ. ಹಳ್ಳಿಯಲ್ಲಿ ಕೇಳಿದ್ದನ್ನು ನೀತಿಯ ಭಾಷೆಗೆ ತಂದವರು.

ನೀತಿ ನಿಜವಾಗಿ ಎಲ್ಲಿ ತಯಾರಾಗುತ್ತದೆ?

ಆಂಧ್ರದಲ್ಲಿ 2019ರ ಜುಲೈನಲ್ಲಿ ಆಗಿನ ಸರ್ಕಾರ ಗಾಳಿ ಮತ್ತು ಸೌರ ವಿದ್ಯುತ್ ಖರೀದಿ ಒಪ್ಪಂದಗಳ ದರವನ್ನು ಮತ್ತೆ ಚೌಕಾಸಿ ಮಾಡಲು ಸಮಿತಿ ರಚಿಸಿತು. ಕಂಪನಿಗಳು ಕೋರ್ಟಿಗೆ ಹೋದವು. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ಒಪ್ಪಂದದ ದರವನ್ನೇ ಕೊಡಬೇಕೆಂದು ತೀರ್ಪಿತ್ತಿತು. ನಂತರ ಬಂದ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಸಮಗ್ರ ಸ್ವಚ್ಛ ಇಂಧನ ನೀತಿ ಪ್ರಕಟಿಸಿ 10 ಲಕ್ಷ ಕೋಟಿ ರೂಪಾಯಿ ಹೂಡಿಕೆ, ಏಳೂವರೆ ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿತು. 2025ರ ಮೇನಲ್ಲಿ ಗುತ್ತಿ ಮಂಡಲದ ಬೇತಪಲ್ಲಿಯಲ್ಲಿ 22,000 ಕೋಟಿ ರೂಪಾಯಿಯ ಯೋಜನೆಗೆ ಶಿಲಾನ್ಯಾಸವೂ ಆಯಿತು. ಒಂದು ಸರ್ಕಾರ ದರ ಇಳಿಸಲು ನೋಡಿತು, ಇನ್ನೊಂದು ಹೂಡಿಕೆ ಕರೆಯಿತು. ಎರಡೂ ಸಂದರ್ಭದಲ್ಲಿ ಮಾತುಕತೆ ಸರ್ಕಾರ ಮತ್ತು ಕಂಪನಿಯ ನಡುವೆ ನಡೆಯಿತು. ಯಂತ್ರದ ಕೆಳಗೆ ಹೊಲ ಇರುವವನಿಗೆ ಆ ಮೇಜಿನ ಬಳಿ ಕುರ್ಚಿ ಇರಲಿಲ್ಲ.

ಕುರ್ಚಿ ಪೂರ್ತಿ ಇಲ್ಲವೆಂದಲ್ಲ. 2003ರ ವಿದ್ಯುತ್ ಕಾಯ್ದೆಯ 64ನೇ ಕಲಮಿನಂತೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಸಲಹೆ, ಆಕ್ಷೇಪಗಳನ್ನು ಪರಿಗಣಿಸಿಯೇ ದರ ನಿಗದಿ ಮಾಡಬೇಕು. 94ನೇ ಕಲಮಿನಂತೆ ಗ್ರಾಹಕರ ಪರವಾಗಿ ವಾದಿಸಲು ಯಾರನ್ನಾದರೂ ಆಯೋಗ ನೇಮಿಸಬಹುದು. ಪುಣೆಯ ಪ್ರಯಾಸ್ ಸಂಸ್ಥೆ, ಹೈದರಾಬಾದಿನಲ್ಲಿ ಎಂ. ತಿಮ್ಮಾರೆಡ್ಡಿಯವರು ನಡೆಸಿದ ವಿದ್ಯುತ್ ನಿಯಂತ್ರಣದ ಜನ ನಿಗಾ ಗುಂಪು ಈ ಬಾಗಿಲಿನಿಂದಲೇ ಒಳಹೋಗಿ ವರ್ಷಗಟ್ಟಲೆ ಅಂಕಿಅಂಶ ಹಿಡಿದು ವಾದಿಸಿವೆ. ವಿತರಣಾ ಕಂಪನಿಗಳು ಮುಂದಿನ ವರ್ಷದ ದರ ಪ್ರಸ್ತಾವವನ್ನು ಸಾಮಾನ್ಯವಾಗಿ ನವೆಂಬರ್ ಕೊನೆಗೆ ಸಲ್ಲಿಸುತ್ತವೆ, ಏಪ್ರಿಲ್ 1ರಿಂದ ಹೊಸ ದರ ಜಾರಿಗೆ ಬರುತ್ತದೆ. ನಡುವಿನ ನಾಲ್ಕು ತಿಂಗಳು ಆಕ್ಷೇಪ ಬರೆಯುವ ಕಾಲ.

ಬೀದಿಯ ಹೋರಾಟಕ್ಕೂ ನೀತಿಯನ್ನು ಬದಲಿಸುವ ಶಕ್ತಿ ಇದೆ. 2000ದ ಆಗಸ್ಟ್ 28ರಂದು ಹೈದರಾಬಾದಿನ ಬಶೀರ್‌ಬಾಗ್‌ನಲ್ಲಿ ವಿದ್ಯುತ್ ದರ ಏರಿಕೆಯ ವಿರುದ್ಧ ನಡೆದ ಪ್ರತಿಭಟನೆಯ ಮೇಲೆ ಗೋಲಿಬಾರಾಗಿ ಮೂವರು ಸತ್ತರು. ನಾಲ್ಕು ವರ್ಷದ ನಂತರ ರೈತರಿಗೆ ಉಚಿತ ವಿದ್ಯುತ್ತಿನ ಆದೇಶ ಬಂತು. ಹೊಲದಲ್ಲಿ ವಿದ್ಯುತ್ ಗೋಪುರ ನಿಂತವರ ಕೂಗಿಗೂ ಸ್ವಲ್ಪ ಫಲ ಸಿಕ್ಕಿದೆ. ಗೋಪುರದ ಅಡಿಯ ನೆಲಕ್ಕೆ ಜಮೀನಿನ ಬೆಲೆಯ ಶೇ 85 ಎಂದಿದ್ದ 2015ರ ಕೇಂದ್ರ ಮಾರ್ಗಸೂಚಿಯನ್ನು 2024ರ ಜೂನ್‌ನಲ್ಲಿ ಶೇ 200ಕ್ಕೆ ಏರಿಸಲಾಯಿತು, ತಂತಿ ಹಾದುಹೋಗುವ ಪಟ್ಟಿಗೆ ಶೇ 30. ಇದು ಮಾರ್ಗಸೂಚಿ ಮಾತ್ರ, ರಾಜ್ಯ ಒಪ್ಪಿಕೊಂಡರಷ್ಟೇ ಜಾರಿ. ಇಂಥ ಸುತ್ತೋಲೆ ಇದೆ ಎಂದು ರೈತನಿಗೆ ತಿಳಿಯುವುದೇ ಗೋಪುರ ನಿಂತ ಮೇಲೆ.

ಭಾಷೆಯೂ ಇಂಧನ ನೀತಿಯ ಭಾಗ

ಇಲ್ಲಿ ನಮ್ಮ ಸಂಘದ ಓದುಗರಿಗೆ ನೇರವಾಗಿ ಸಂಬಂಧಿಸಿದ ಮಾತು ಬರುತ್ತದೆ. ಗುತ್ತಿಗೆಯ ಕರಾರು ಇಂಗ್ಲಿಷಿನಲ್ಲಿ, ನೋಟಿಸು ತೆಲುಗಿನಲ್ಲಿ, ಸಹಿ ಹಾಕುವ ಅಜ್ಜ ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ. ಮಾತಾಡಲು ತೆಲುಗು ಬರುತ್ತದೆ, ಆದರೆ 28 ವರ್ಷದ ಕರಾರನ್ನು ಓದಿ ಅರ್ಥಮಾಡಿಕೊಳ್ಳುವುದು ಬೇರೆ. ಸಂವಿಧಾನದ 350ನೇ ವಿಧಿಯಂತೆ ಯಾವುದೇ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಅಂದರೆ ಕನ್ನಡದಲ್ಲಿ ಬರೆದ ಅರ್ಜಿಯನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸುವಂತಿಲ್ಲ. 1956ರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಸೂತ್ರದಂತೆ ಒಂದು ತಾಲ್ಲೂಕಿನಲ್ಲಿ ಶೇ 15ರಿಂದ 20ರಷ್ಟು ಜನ ಆ ಭಾಷೆಯವರಿದ್ದರೆ ಮುಖ್ಯ ಸರ್ಕಾರಿ ನೋಟಿಸುಗಳನ್ನು ಆ ಭಾಷೆಯಲ್ಲೂ ಪ್ರಕಟಿಸಬೇಕು. ಭೂಸ್ವಾಧೀನ ಕಾಯ್ದೆ ಹೇಳುವ 'ಸ್ಥಳೀಯ ಭಾಷೆ' ರೊಳ್ಳದಲ್ಲಿ, ಅಗಳಿಯಲ್ಲಿ ಯಾವುದು ಎಂದು ಕೇಳುವ ಹಕ್ಕು ಅಲ್ಲಿಯ ಜನರಿಗಿದೆ.

ಒಂದು ಎಚ್ಚರಿಕೆ. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬೇಕು. ಆದ್ದರಿಂದ ಆ ಅರ್ಜಿ ತೆಲುಗಿನಲ್ಲಿರುವುದೇ ಕ್ಷೇಮ. ಎರಡು ಭಾಷೆ ಬಲ್ಲ ಯುವಕ ಯುವತಿಯರು ಗಡಿನಾಡಿನಲ್ಲಿ ಸಾಕಷ್ಟಿದ್ದಾರೆ. ಅವರ ಈ ದ್ವಿಭಾಷಾ ಬಲ ಊರಿನ ದೊಡ್ಡ ಆಸ್ತಿ.

ಕಾರ್ಯಕರ್ತರಿಗೂ ಕೆಲವು ಮಿತಿಗಳು

ಸಮಾಜ ಕಾರ್ಯಕರ್ತರೆಲ್ಲ ಒಂದೇ ಬಗೆಯವರಲ್ಲ. ಗುತ್ತಿಗೆ ಮಾಡಿಸಿಕೊಟ್ಟು ಎಕರೆಗಿಷ್ಟು ಎಂದು ದಲ್ಲಾಳಿ ಹಣ ಪಡೆಯುವವರೂ ಊರಲ್ಲಿ ತಮ್ಮನ್ನು ಸಮಾಜ ಸೇವಕರೆಂದೇ ಕರೆದುಕೊಳ್ಳುತ್ತಾರೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಆ ಹಣದಿಂದ ಶಾಲೆಗೆ ಬೆಂಚು, ಊರಿಗೆ ಶುದ್ಧ ನೀರಿನ ಘಟಕ ಬಂದರೆ ಒಳ್ಳೆಯದೇ. ಆದರೆ ಅದೇ ಹಣದಿಂದ ಸಂಬಳ ಪಡೆಯುವ ಸಂಸ್ಥೆ ಅದೇ ಕಂಪನಿಯ ಗುತ್ತಿಗೆಯ ಬಗ್ಗೆ ಊರಿಗೆ ಸಲಹೆ ಕೊಡಕೂಡದು. ಇದನ್ನು ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಕೇಳಬೇಕು.

ಇನ್ನೊಂದು ಕಡೆ, ಪ್ರತಿ ಯೋಜನೆಯನ್ನೂ ವಿರೋಧಿಸುವುದೇ ಕಾರ್ಯ ಎಂದುಕೊಂಡರೂ ಜನ ಹಿಂದೆ ಬರುವುದಿಲ್ಲ. ಕಡ್ಲೆಕಾಯಿ ಮೂರು ವರ್ಷ ಸತತ ಕೈಕೊಟ್ಟ ರೈತ ಬಾಡಿಗೆಯನ್ನು ಬೇಡ ಎನ್ನಲಾರ, ಎನ್ನಬೇಕೆಂದು ಅವನಿಗೆ ಹೇಳುವ ಹಕ್ಕು ನಮಗೂ ಇಲ್ಲ. ಅವನ ಕರಾರು ಉತ್ತಮವಾಗುವಂತೆ, ಅವನ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳು ಲೆಕ್ಕದಿಂದ ಬಿದ್ದುಹೋಗದಂತೆ ನೋಡುವುದೇ ಆಗಬೇಕಾದ ಕೆಲಸ.

ಈಗ ಮಾಡಬಹುದಾದದ್ದು

ಮೊದಲನೆಯದು, ಊರಿನ ಭೂಬಳಕೆಯ ನಕ್ಷೆ. ಗೋಮಾಳ, ಹಳ್ಳ, ಕೆರೆ, ಕುರಿದಾರಿ, ಡಿ.ಕೆ.ಟಿ. ಜಮೀನು, ಯಾರು ಉಳುತ್ತಿದ್ದಾರೆ ಎಂಬುದೆಲ್ಲ ಅದರಲ್ಲಿರಲಿ. ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಿದರೆ ಮುಂದೆ ಯಾವ ಅಧಿಕಾರಿಯೂ 'ಪಾಳು' ಎಂದು ಸುಲಭವಾಗಿ ಬರೆಯಲಾರ.

ಎರಡನೆಯದು, ಮಾದರಿ ಗುತ್ತಿಗೆ ಪತ್ರ. ಹಣದುಬ್ಬರಕ್ಕೆ ಹೊಂದುವ ಏರಿಕೆ, ಬಾಡಿಗೆ ತಡವಾದರೆ ಬಡ್ಡಿ, ಕಂಪನಿ ಕೈಬದಲಾದರೆ ಹೊಸ ಮಾಲೀಕನ ಹೊಣೆ, ಗುತ್ತಿಗೆ ಮುಗಿದಾಗ ಕಾಂಕ್ರೀಟು, ಫಲಕ ತೆಗೆದು ನೆಲವನ್ನು ಉಳುವ ಸ್ಥಿತಿಗೆ ತರುವ ಖರ್ಚಿಗೆ ಮೊದಲೇ ಇಟ್ಟ ಠೇವಣಿ ಇವೆಲ್ಲ ಅದರಲ್ಲಿರಬೇಕು. ಅದು ಕನ್ನಡ ಮತ್ತು ತೆಲುಗು ಎರಡರಲ್ಲೂ ಇರಲಿ. ವಕೀಲ ಮಿತ್ರರು ಒಂದು ವಾರ ಕೂತರೆ ಆಗುವ ಕೆಲಸ.

ಮೂರನೆಯದು, ಭೂಮಿ ಇಲ್ಲದವರ ಪಾಲು. ಪ್ರತಿ ಎಕರೆಯ ಬಾಡಿಗೆಯ ಜೊತೆ ಸಣ್ಣದೊಂದು ಮೊತ್ತ ಊರಿನ ಕೂಲಿಕಾರರ ನಿಧಿಗೆ ಹೋಗಬೇಕೆಂದು ರಾಜ್ಯದ ನೀತಿಯಲ್ಲೇ ಸೇರಿಸಲು ಒತ್ತಾಯಿಸಬೇಕು. ಗುತ್ತಿಗೆಯಾದರೂ ಸಾಮಾಜಿಕ ಅಧ್ಯಯನ ಬೇಕು ಎಂಬುದು ಈ ಬೇಡಿಕೆಯ ಮೊದಲ ಸಾಲಾಗಲಿ.

ನಾಲ್ಕನೆಯದು, ವಿದ್ಯುತ್ ಆಯೋಗಕ್ಕೆ ಆಕ್ಷೇಪ. ಸುತ್ತಲೂ ಯಂತ್ರಗಳು ತಿರುಗುತ್ತಿದ್ದರೂ ಹೊಲದ ಪಂಪಿಗೆ ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಕರೆಂಟು ಬರುತ್ತದೆ ಎಂದು ಒಂದು ಊರು ಮೂರು ತಿಂಗಳು ಬರೆದಿಟ್ಟರೂ ಅದು ಗಟ್ಟಿ ಸಾಕ್ಷ್ಯ.

ಐದನೆಯದು, ಮನೆಯ ಮೇಲಿನ ಸೌರ ವಿದ್ಯುತ್. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಅಥವಾ ಹೆಚ್ಚಿನ ಕಿಲೋವ್ಯಾಟಿಗೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಅರ್ಜಿ ತುಂಬುವುದು, ಬ್ಯಾಂಕಿನ ಸಾಲ, ಮೀಟರ್ ಬದಲಾವಣೆ ಇವುಗಳಲ್ಲಿ ಕೈಹಿಡಿಯುವವರಿಲ್ಲದೆ ಶೀಟಿನ ಮನೆಯವರು ಹಿಂದುಳಿಯುತ್ತಾರೆ. ಯೋಜನೆಯ ಯಾವ ನಿಯಮ ಬಡವನನ್ನು ಹೊರಗಿಡುತ್ತಿದೆ ಎಂದು ಮೇಲಿನವರಿಗೆ ಬರೆದು ತಿಳಿಸುವುದೂ ನೀತಿಯ ಕೆಲಸವೇ.

ಓದುಗರೇ, ನಿಮ್ಮಲ್ಲಿ ಹಲವರು ಊರು ಬಿಟ್ಟು ನಗರಗಳಲ್ಲಿ, ಪರದೇಶಗಳಲ್ಲಿ ಇದ್ದೀರಿ. ಊರಿನ ಜಮೀನು ಅಣ್ಣನ ಅಥವಾ ಚಿಕ್ಕಪ್ಪನ ಹೆಸರಿನಲ್ಲಿರಬಹುದು. ಅವರು ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಒಮ್ಮೆ ಅದರ ಪ್ರತಿ ತರಿಸಿಕೊಂಡು ಓದಿ, ಫೋನಿನಲ್ಲಿ ಕನ್ನಡದಲ್ಲಿ ವಿವರಿಸಿ. ಕಾನೂನು, ಲೆಕ್ಕಪತ್ರ, ವಿದ್ಯುತ್ ಎಂಜಿನಿಯರಿಂಗ್ ಬಲ್ಲವರು ಮಾದರಿ ಗುತ್ತಿಗೆ ಪತ್ರಕ್ಕೆ ಕೈಜೋಡಿಸಿ. ಶಾಲೆಗೆ ಪುಸ್ತಕ ಕಳಿಸುವಷ್ಟೇ ಆಸ್ಥೆಯಿಂದ ಈ ಕೆಲಸವನ್ನೂ ಸಂಘಗಳು ಎತ್ತಿಕೊಳ್ಳಲಿ. ಇಂದು ಬರೆದ ಕರಾರು ಮುಗಿಯುವ ಹೊತ್ತಿಗೆ ಈಗ ಒಂದನೇ ತರಗತಿಯಲ್ಲಿರುವ ಮಗುವಿಗೆ ಮೂವತ್ತು ದಾಟಿರುತ್ತದೆ. ಅದರ ಪಾಲಿಗೆ ಬರುವ ನೆಲ ಎಂಥದ್ದು ಎಂಬುದು ಈಗ ಊರಿನಲ್ಲಿ ಬೀಳುವ ಸಹಿಗಳ ಮೇಲೆ ನಿಂತಿದೆ.